ಚಿತ್ರೋತ್ಸವದ ಮೊದಲ ನೋಟಕ್ಕೆ ಎಷ್ಟು ಬೆಲೆ?

ಚಿತ್ರೋತ್ಸವದಲ್ಲಿ ಸಿನಿಮಾ ನೋಡುವ ಬಗೆಯೇ ಬೇರೆ, ಊರಿನ ಟಾಕೀಸಿನಲ್ಲಿ ನೋಡುವ ಬಗೆಯೇ ಬೇರೆ. ಟಾಕೀಸಿಗೆ ಹೋಗುವವನು ಒಂದು ಸಿನಿಮಾಕ್ಕೆಂದೇ ಹೊರಡುತ್ತಾನೆ. ಅದರಲ್ಲಿ ಯಾರಿದ್ದಾರೆ, ಹಾಡು ಹೇಗಿವೆ, ನೋಡಿ ಬಂದವರು ಏನಂದರು ಎಂಬುದೆಲ್ಲ ಅವನಿಗೆ ಅಷ್ಟಿಷ್ಟು ತಿಳಿದಿರುತ್ತದೆ. ಉತ್ಸವದ ಪ್ರೇಕ್ಷಕನ ಕೈಯಲ್ಲಿರುವುದು ಕೊರಳಿಗೆ ಹಾಕಿಕೊಳ್ಳುವ ಪಾಸು, ಒಂದು ವೇಳಾಪಟ್ಟಿ, ಒಂದೊಂದು ಚಿತ್ರದ ಬಗ್ಗೆಯೂ ನಾಲ್ಕು ಸಾಲಿನ ಪರಿಚಯ, ಅಷ್ಟೆ. ಬೆಳಿಗ್ಗೆ ಇರಾನಿನದೊಂದು, ಮಧ್ಯಾಹ್ನ ಅರ್ಜೆಂಟೀನಾದ್ದೊಂದು, ಸಂಜೆ ಕೊರಿಯಾದ್ದೊಂದು, ಕಾಲಲ್ಲಿ ಶಕ್ತಿ ಉಳಿದಿದ್ದರೆ ರಾತ್ರಿಗೆ ಇನ್ನೊಂದು. ವಾರ ಮುಗಿಯುವ ಹೊತ್ತಿಗೆ ಅವನಲ್ಲಿ ಒಂದು ಪಟ್ಟಿ ಸಿದ್ಧವಾಗಿರುತ್ತದೆ: ಈ ಸಲದ ಅತ್ಯುತ್ತಮ ಇದು, ನಿರಾಸೆ ತಂದದ್ದು ಅದು, ಅರ್ಧಕ್ಕೇ ಎದ್ದು ಬಂದದ್ದು ಮತ್ತೊಂದು. ದೊಡ್ಡ ತಾರೆಯರೂ ಪ್ರಚಾರದ ಹಣವೂ ಇಲ್ಲದ ಚಿತ್ರಗಳ ಪಾಲಿಗೆ ಇಂಥ ಪಟ್ಟಿಗಳೇ ಬಹುಮಟ್ಟಿಗೆ ಹಣೆಬರಹ. ಆದ್ದರಿಂದ ಅವು ಎಷ್ಟರ ಮಟ್ಟಿಗೆ ನಂಬಿಕೆಗೆ ಅರ್ಹ ಎಂದು ಕೇಳಿಕೊಳ್ಳಲೇಬೇಕಾಗುತ್ತದೆ.

ನೋಡುವುದು ಮತ್ತು ತೀರ್ಪು ಕೊಡುವುದು ಉತ್ಸವಗಳಲ್ಲಿ ಬಹಳ ಹಿಂದಿನಿಂದಲೂ ಹೆಣೆದುಕೊಂಡೇ ಬಂದಿವೆ. 1932ರಲ್ಲಿ ವೆನಿಸ್‌ನಲ್ಲಿ ಆರಂಭವಾದ ಉತ್ಸವದಲ್ಲಿ ಕೆಲವೇ ವರ್ಷಗಳಲ್ಲಿ ಮುಸೊಲಿನಿಯ ಹೆಸರಿನ ಕಪ್ ಬಂತು. 1938ರಲ್ಲಿ ಅದು ಸಂದದ್ದು ಲೆನಿ ರೀಫೆನ್‌ಸ್ಟಾಲ್ ಬರ್ಲಿನ್ ಒಲಿಂಪಿಕ್ಸ್ ಬಗ್ಗೆ ತೆಗೆದ ಚಿತ್ರಕ್ಕೆ. ಇದಕ್ಕೆ ಎದುರಾಗಿ ಫ್ರೆಂಚರು ಕಾನ್‌ನಲ್ಲಿ 1939ಕ್ಕೆ ಹೂಡಿದ ಉತ್ಸವ ಯುದ್ಧದಿಂದ ನಿಂತು, 1946ರಲ್ಲಿ ನಡೆಯಿತು. ಆ ವರ್ಷದ ದೊಡ್ಡ ಬಹುಮಾನವನ್ನು ಹಂಚಿಕೊಂಡ ಚಿತ್ರಗಳಲ್ಲಿ ಚೇತನ್ ಆನಂದರ 'ನೀಚಾ ನಗರ್' ಕೂಡ ಒಂದು.

ಉತ್ಸವಗಳಿಂದ ಆದ ಉಪಕಾರವನ್ನು ಮೊದಲೇ ಹೇಳಿಬಿಡುವುದು ನ್ಯಾಯ. ಭಾರತದ ಮೊದಲ ಅಂತಾರಾಷ್ಟ್ರೀಯ ಚಿತ್ರೋತ್ಸವ 1952ರ ಜನವರಿಯಲ್ಲಿ ಮುಂಬಯಿಯಲ್ಲಿ ಶುರುವಾಗಿ ಮದರಾಸು, ದೆಹಲಿ, ಕಲ್ಕತ್ತಾಗಳಿಗೂ ಹೋಯಿತು. ಇಟಲಿಯ 'ಬೈಸಿಕಲ್ ಥೀವ್ಸ್', 'ರೋಮ್ ಓಪನ್ ಸಿಟಿ'ಯಂಥ ಚಿತ್ರಗಳನ್ನು ಇಲ್ಲಿನ ಚಿತ್ರೋದ್ಯಮದವರು ಒಟ್ಟಾಗಿ ಕಂಡದ್ದು ಆಗ. ಸ್ಟುಡಿಯೋ ಬಿಟ್ಟು ಬೀದಿಗೆ ಬಂದ ಕ್ಯಾಮೆರಾ, ನಟರಲ್ಲದವರ ಮುಖ, ಕಳುವಾದ ಒಂದು ಸೈಕಲ್ಲಿನ ಸುತ್ತ ನಿಲ್ಲುವ ಕಥೆ, ಇಷ್ಟು ಸಾಕಾಯಿತು. ಮರುವರ್ಷವೇ ಬಂದ ಬಿಮಲ್ ರಾಯ್ ಅವರ 'ದೋ ಬೀಘಾ ಜಮೀನ್' ಆ ನೋಟದ ಋಣವನ್ನು ಮರೆಮಾಚುವುದಿಲ್ಲ. ಕಣ್ಣಿಗೆ ಬೀಳದೇ ಹೋಗಬಹುದಾಗಿದ್ದುದನ್ನು ಕಣ್ಣೆದುರಿಗೆ ತಂದಿಡುವ ಕೆಲಸದಲ್ಲಿ ಉತ್ಸವಕ್ಕೆ ಸಾಟಿಯಿಲ್ಲ. ಕಂಡದ್ದನ್ನು ಅಲ್ಲಿಯೇ ತೂಗಿ ಬೆಲೆ ಕಟ್ಟುವ ಹೊತ್ತಿನಲ್ಲಿ ಮಾತ್ರ ಅದರ ತಕ್ಕಡಿ ವಾಲುತ್ತದೆ.

ಎಷ್ಟು ವಾಲಬಹುದು ಎಂಬುದಕ್ಕೆ 1960ರ ಕಾನ್ ಸಾಕ್ಷಿ. ಆಂಟೋನಿಯೋನಿಯವರ 'ಲಾವೆಂತೂರಾ' ಚಿತ್ರದಲ್ಲಿ ದೋಣಿವಿಹಾರಕ್ಕೆ ಹೋದ ಗೆಳೆಯರ ಗುಂಪಿನಿಂದ ಅನ್ನಾ ಎಂಬ ಯುವತಿ ಬಂಡೆಗಲ್ಲಿನ ದ್ವೀಪವೊಂದರಲ್ಲಿ ಕಾಣೆಯಾಗುತ್ತಾಳೆ. ಅವಳ ಪ್ರಿಯಕರನೂ ಗೆಳತಿಯೂ ಹುಡುಕಲು ಹೊರಡುತ್ತಾರೆ. ಹುಡುಕುತ್ತ ಹುಡುಕುತ್ತ ಅವರಿಬ್ಬರೇ ಹತ್ತಿರವಾಗುತ್ತಾರೆ, ಕಾಣೆಯಾದವಳ ನೆನಪು ತೆಳುವಾಗುತ್ತ ಹೋಗುತ್ತದೆ. ಅವಳು ಏನಾದಳೆಂದು ಚಿತ್ರ ಕೊನೆಗೂ ಹೇಳುವುದಿಲ್ಲ. ಕಳೆದುಹೋದವರನ್ನು ಮನುಷ್ಯರು ಎಷ್ಟು ಬೇಗ ಮರೆಯುತ್ತಾರೆ ಎಂಬುದೇ ಅಲ್ಲಿನ ವಿಷಯ. ಆ ಮರೆವು ನೋಡುವವರಲ್ಲಿಯೂ ಆಗಬೇಕಾದರೆ ಸಮಯ ಹಿಡಿಯುತ್ತದೆ. ಆ ಸಮಯ ಕೊಡಲು ಕಾನ್‌ನ ಪ್ರೇಕ್ಷಕರು ಸಿದ್ಧರಿರಲಿಲ್ಲ. ದೀರ್ಘ ದೃಶ್ಯಗಳು ಬಂದಾಗ 'ಕಟ್, ಕಟ್' ಎಂದು ಕೂಗಿದರು, ಗಂಭೀರ ಕ್ಷಣಗಳಲ್ಲಿ ನಕ್ಕರು. ನಿರ್ದೇಶಕರೂ ನಾಯಕಿ ಮೋನಿಕಾ ವಿಟ್ಟಿಯವರೂ ಸಭಾಂಗಣದಿಂದ ಹೊರಬಂದರು. ಮಾರನೆಯ ದಿನ ರೊಸೆಲಿನಿಯವರೂ ಸೇರಿದಂತೆ ಹಲವು ನಿರ್ದೇಶಕರು, ವಿಮರ್ಶಕರು ಚಿತ್ರದ ಪರವಾಗಿ ಬಹಿರಂಗ ಪತ್ರಕ್ಕೆ ಸಹಿ ಹಾಕಿದರು. ತೀರ್ಪುಗಾರರ ಬಹುಮಾನ ಅದಕ್ಕೂ ಬಂತು. ಎರಡೇ ವರ್ಷಗಳ ಮೇಲೆ, 1962ರಲ್ಲಿ, 'ಸೈಟ್ ಅಂಡ್ ಸೌಂಡ್' ಪತ್ರಿಕೆ ವಿಮರ್ಶಕರಿಂದ ಸಂಗ್ರಹಿಸಿದ ಸಾರ್ವಕಾಲಿಕ ಶ್ರೇಷ್ಠ ಚಿತ್ರಗಳ ಪಟ್ಟಿಯಲ್ಲಿ ಅದು 'ಸಿಟಿಜನ್ ಕೇನ್' ನಂತರದ ಸ್ಥಾನದಲ್ಲಿತ್ತು. ಚಿತ್ರ ಅದೇ, ಒಂದು ಫ್ರೇಮೂ ಬದಲಾಗಿರಲಿಲ್ಲ.

'ಪಥೇರ್ ಪಾಂಚಾಲಿ'ಯ ಕಥೆ ಇನ್ನೂ ಹತ್ತಿರದ್ದು. 1956ರ ಕಾನ್‌ನಲ್ಲಿ ಅದರ ಮೊದಲ ಪ್ರದರ್ಶನ ರಾತ್ರಿಯ ಅನಾನುಕೂಲದ ಹೊತ್ತಿಗೆ ಬಿತ್ತು. ಅದೇ ವೇಳೆಗೆ ಜಪಾನಿನವರು ಕೊಟ್ಟ ಔತಣವಿತ್ತು. ಬಹುಪಾಲು ವಿಮರ್ಶಕರು ಔತಣವನ್ನೇ ಆರಿಸಿಕೊಂಡರು. ಚಿತ್ರ ಕಂಡ ಕೆಲವೇ ಜನ ಪಟ್ಟು ಹಿಡಿದು ಇನ್ನೊಂದು ಪ್ರದರ್ಶನ ಮಾಡಿಸಿದರು. 'ಅತ್ಯುತ್ತಮ ಮಾನವೀಯ ದಾಖಲೆ' ಎಂಬ ಬಹುಮಾನ ಆ ಮೇಲಿನ ಮಾತು. ಅಪು, ದುರ್ಗಾ, ಮುದುಕಿ ಇಂದಿರ್ ಇವರೆಲ್ಲ ಜಗತ್ತಿನ ಕಣ್ಣಿಗೆ ಬಿದ್ದುದರಲ್ಲಿ ಸತ್ಯಜಿತ್ ರಾಯ್ ಅವರ ಪ್ರತಿಭೆಯ ಜೊತೆಗೆ ಒಂದು ವೇಳಾಪಟ್ಟಿಯ ತಿದ್ದುಪಡಿಯೂ ಕೈಜೋಡಿಸಿತ್ತು. ಎರಡನೆಯ ಪ್ರದರ್ಶನದ ಭಾಗ್ಯ ಸಿಗದ ಚಿತ್ರಗಳ ಹೆಸರು ಯಾರ ಬಾಯಲ್ಲೂ ಇಲ್ಲ.

ಹೊತ್ತು, ಸರದಿ, ದಣಿವು ಮೇಲುನೋಟಕ್ಕೆ ಕ್ಷುಲ್ಲಕ. ಆದರೆ ಪರಿಣತರೂ ಇವುಗಳಿಂದ ತಪ್ಪಿಸಿಕೊಂಡಿಲ್ಲ. ಬ್ರಸೆಲ್ಸ್‌ನ ಕ್ವೀನ್ ಎಲಿಜಬೆತ್ ಸಂಗೀತ ಸ್ಪರ್ಧೆಯಲ್ಲಿ ಅಂತಿಮ ಸುತ್ತಿನ ವಾದಕರ ಸರದಿಯನ್ನು ಚೀಟಿ ಎತ್ತಿ ನಿರ್ಧರಿಸುತ್ತಾರೆ. ಆ ಸ್ಪರ್ಧೆಯ ಫಲಿತಾಂಶಗಳನ್ನು ಫ್ಲೋರೆಸ್ ಮತ್ತು ಗಿನ್ಸ್‌ಬರ್ಗ್ ಎಂಬ ಅರ್ಥಶಾಸ್ತ್ರಜ್ಞರು ವಿಶ್ಲೇಷಿಸಿ 1996ರಲ್ಲಿ ಪ್ರಕಟಿಸಿದರು: ಮೊದಲ ದಿನ ನುಡಿಸಿದವರಿಗೆ ಮೇಲಿನ ಸ್ಥಾನ ಸಿಗುವ ಸಾಧ್ಯತೆ ಕಡಿಮೆ, ಕೊನೆಯ ದಿನಗಳಲ್ಲಿ ನುಡಿಸಿದವರಿಗೆ ಹೆಚ್ಚು. ಅಲ್ಲಿ ತೀರ್ಪು ಕೊಡಲು ಕುಳಿತವರು ಆಯುಷ್ಯವೆಲ್ಲ ಸಂಗೀತ ಕೇಳಿದವರು. ಚಿತ್ರೋತ್ಸವದ ಸಾಮಾನ್ಯ ಪ್ರೇಕ್ಷಕನಾದರೋ ಸಾಲಿನಲ್ಲಿ ಮುಕ್ಕಾಲು ಗಂಟೆ ನಿಂತು, ಮಧ್ಯಾಹ್ನದ ಊಟವನ್ನು ಒಂದು ಸಮೋಸಾದಲ್ಲಿ ಮುಗಿಸಿ, ಮೂರನೆಯ ಪರದೆಯಿಂದ ಏಳನೆಯ ಪರದೆಗೆ ಓಡಿ ಬಂದವನು. ಯುದ್ಧದ ಚಿತ್ರವೊಂದನ್ನು ನೋಡಿ ಬಂದವನಿಗೆ ಮುಂದಿನ ಕೌಟುಂಬಿಕ ಚಿತ್ರ ಸಪ್ಪೆ ಎನಿಸಿದರೆ ಅದು ಆ ಚಿತ್ರದ ದೋಷವೇ ಎಂದು ಖಚಿತವಾಗಿ ಹೇಳುವುದು ಕಷ್ಟ. ಇಷ್ಟರ ಮೇಲೆ ಸಬ್‌ಟೈಟಲ್ಲಿನ ದುಡಿಮೆ ಬೇರೆ. ಹಂಗೇರಿಯನ್ ಮಾತನ್ನು ಇಂಗ್ಲಿಷಿನಲ್ಲಿ ಓದಿ, ಕನ್ನಡದಲ್ಲಿ ಯೋಚಿಸುವವನ ಕಣ್ಣು ಬಹಳ ಹೊತ್ತು ಪರದೆಯ ಕೆಳಗಿನ ಅಂಚಿನಲ್ಲೇ ಇರುತ್ತದೆ.

ಈ ಎಲ್ಲದರ ಏಟು ಹೆಚ್ಚಾಗಿ ಬೀಳುವುದು ಮೆಲ್ಲಗೆ ನಡೆಯುವ ಚಿತ್ರಗಳ ಮೇಲೆ. ಬೇಲಾ ತಾರ್ ಅವರ 'ಸಾತಾನ್‌ಟಾಂಗೊ' ಏಳು ಗಂಟೆಗೂ ಮಿಕ್ಕಿದ್ದು. ದಿನದ ಇತರ ಚಿತ್ರಗಳನ್ನು ಬಿಡದೆ ಅದನ್ನು ನೋಡುವ ದಾರಿಯೇ ಇಲ್ಲ. ಪ್ರೇಕ್ಷಕನನ್ನು ಸಭಾಂಗಣದಲ್ಲಿ ತೂಕಡಿಸಲು ಬಿಟ್ಟು ಆಮೇಲೆ ರಾತ್ರಿಗಳಲ್ಲಿ ಎಚ್ಚರವಾಗಿಡುವ ಚಿತ್ರಗಳೇ ತಮಗೆ ಇಷ್ಟ ಎಂಬರ್ಥದ ಮಾತನ್ನು ಅಬ್ಬಾಸ್ ಕಿಯರೊಸ್ತಾಮಿ ಆಡಿದ್ದರು. ಉತ್ಸವದಲ್ಲಿ ಆ ಮಾತಿನ ಮೊದಲ ಅರ್ಧ ಧಾರಾಳವಾಗಿ ನಡೆಯುತ್ತದೆ. ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ಇನ್ನೊಂದು ಚಿತ್ರ ಕಾದಿರುವುದರಿಂದ ಎರಡನೆಯ ಅರ್ಧಕ್ಕೆ ಬಿಡುವಿರುವುದಿಲ್ಲ.

ಸಭಾಂಗಣದ ಸಹವಾಸವೂ ಅಭಿಪ್ರಾಯವನ್ನು ಬಾಗಿಸುತ್ತದೆ. ಕಾನ್‌ನಲ್ಲಿ ಎದ್ದುನಿಂತು ತಟ್ಟುವ ಚಪ್ಪಾಳೆಯನ್ನು ಗಡಿಯಾರ ಹಿಡಿದು ಅಳೆಯುವುದು ಪತ್ರಿಕೆಗಳಿಗೆ ಒಂದು ಆಟವೇ ಆಗಿದೆ. 2006ರಲ್ಲಿ 'ಪ್ಯಾನ್ಸ್ ಲ್ಯಾಬಿರಿಂತ್'ಗೆ 22 ನಿಮಿಷ ಚಪ್ಪಾಳೆ ಬಿತ್ತೆಂದು ವರದಿಯಾಯಿತು, ಆದರೆ ಆ ವರ್ಷ ಅಲ್ಲಿ ಅದಕ್ಕೆ ಒಂದು ಬಹುಮಾನವೂ ಬರಲಿಲ್ಲ. ನಿರ್ದೇಶಕರು ಎದುರಿಗೇ ಕುಳಿತಿರುವಾಗ ತಟ್ಟುವ ಚಪ್ಪಾಳೆಯಲ್ಲಿ ದಾಕ್ಷಿಣ್ಯದ ಪಾಲೆಷ್ಟು ಎಂದು ಯಾರೂ ಅಳೆದಿಲ್ಲ. ಇನ್ನು ಉತ್ಸವದಲ್ಲಿ ಕಂಡ ಚಿತ್ರ ಹೊರಗೆ ಅದೇ ರೂಪದಲ್ಲಿ ಸಿಗುತ್ತದೆ ಎನ್ನುವಂತೆಯೂ ಇಲ್ಲ. ಭಾರತದಲ್ಲಿ ಉತ್ಸವದ ಚಿತ್ರಗಳಿಗೆ ಸರ್ಕಾರ ಸೆನ್ಸಾರ್ ಪ್ರಮಾಣಪತ್ರದಿಂದ ವಿನಾಯಿತಿ ಕೊಡುತ್ತದೆ. ಟಾಕೀಸಿಗೆ ಬರುವಾಗ ಕತ್ತರಿ ಬಿದ್ದಿರಬಹುದು. ಕೆಲವೊಮ್ಮೆ ಕತ್ತರಿ ನಿರ್ದೇಶಕರದ್ದೇ ಆಗಿರುತ್ತದೆ. 2003ರಲ್ಲಿ ವಿನ್ಸೆಂಟ್ ಗ್ಯಾಲೊ ಅವರ 'ದಿ ಬ್ರೌನ್ ಬನ್ನಿ'ಯನ್ನು ಕಾನ್ ಇತಿಹಾಸದಲ್ಲೇ ಅತಿ ಕೆಟ್ಟ ಚಿತ್ರವೆಂದು ಅಮೆರಿಕದ ವಿಮರ್ಶಕ ರೋಜರ್ ಈಬರ್ಟ್ ಕರೆದರು. ಗ್ಯಾಲೊ ಅದರಿಂದ ಇಪ್ಪತ್ತಕ್ಕೂ ಹೆಚ್ಚು ನಿಮಿಷ ತೆಗೆದು ಬಿಡುಗಡೆ ಮಾಡಿದಾಗ ಅದೇ ಈಬರ್ಟ್ ಮೆಚ್ಚಿ ಬರೆದರು. ಎರಡೂ ಪ್ರಾಮಾಣಿಕ ಅಭಿಪ್ರಾಯಗಳೇ. ಅವರ ಕಣ್ಣಮುಂದೆ ಇದ್ದುದು ಎರಡು ಬೇರೆ ಚಿತ್ರ.

ದೂರದ ನೋಟದ ಪ್ರಶ್ನೆ ಇವೆಲ್ಲಕ್ಕಿಂತ ಜಟಿಲ. 1951ರಲ್ಲಿ ಕುರೊಸಾವಾ ಅವರ 'ರಾಶೋಮನ್'ಗೆ ವೆನಿಸ್‌ನ ಅತ್ಯುನ್ನತ ಬಹುಮಾನ ಬಂದಾಗ, ಪಶ್ಚಿಮದವರಿಗೆ ಜಪಾನಿನ ವೈಚಿತ್ರ್ಯದ ಮೇಲಿರುವ ಕುತೂಹಲದಿಂದ ಇದಾಯಿತೆಂದು ಅವರದೇ ದೇಶದ ವಿಮರ್ಶಕರು ಬರೆದರು. ಕುರೊಸಾವಾ ಅದಕ್ಕೆ ನೊಂದುಕೊಂಡಿದ್ದರು. ಹೊರಗಿನವರ ಮೆಚ್ಚುಗೆಯನ್ನು ಹೀಗೆ ತಳ್ಳಿಹಾಕುವುದು ಸುಲಭ. ಆದರೆ ಅದು ಯಾವಾಗಲೂ ಸರಿಯಲ್ಲ ಎನ್ನುವುದಕ್ಕೆ ಕನ್ನಡದ 'ತಿಥಿ' ಒಳ್ಳೆಯ ಉದಾಹರಣೆ. ರಾಮ್ ರೆಡ್ಡಿ ನಿರ್ದೇಶಿಸಿ ಈರೇಗೌಡ ಬರೆದ ಈ ಚಿತ್ರ 2015ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊ ಉತ್ಸವದಲ್ಲಿ ಎರಡು ಬಹುಮಾನ ಪಡೆಯಿತು, ಮರುವರ್ಷ ಕರ್ನಾಟಕದ ಚಿತ್ರಮಂದಿರಗಳಿಗೆ ಬಂತು. ನೂರೊಂದು ವರ್ಷದ ಸೆಂಚುರಿ ಗೌಡನ ಸಾವು, ಹನ್ನೊಂದನೆಯ ದಿನದ ತಿಥಿ, ಆಸ್ತಿಗಾಗಿ ಮೊಮ್ಮಗನ ಹುನ್ನಾರ, ಬ್ರಾಂದಿ ಬಾಟಲಿ ಹಿಡಿದು ಎಲ್ಲವನ್ನೂ ಬಿಟ್ಟು ಅಲೆಯುವ ಮಗ ಗಡ್ಡಪ್ಪ. ನಟಿಸಿದವರು ಮಂಡ್ಯ ಸೀಮೆಯ ಹಳ್ಳಿಗರು. ಲೊಕಾರ್ನೊದ ಪ್ರೇಕ್ಷಕರಿಗೆ ಗಡ್ಡಪ್ಪ ಒಬ್ಬ ವಿರಾಗಿಯಂತೆ ಕಂಡಿದ್ದರೆ ಅದು ತಪ್ಪೇನಲ್ಲ. ಮಂಡ್ಯದ ಮಾತು ಬಲ್ಲವರಿಗೆ ಅವನು ಮೊದಲು ಪ್ರತಿ ಊರಿನ ಅರಳಿಕಟ್ಟೆಯ ಬಳಿ ಸಿಗುವ ಒಬ್ಬ ಮುದುಕ, ವಿರಾಗಿ ಆಮೇಲೆ. ಬೀದಿಯಲ್ಲಿ ಹೋಗುವವರನ್ನೆಲ್ಲ ಸೆಂಚುರಿ ಗೌಡ ಬೈಯುವ ಆರಂಭದ ದೃಶ್ಯದ ರುಚಿ ಸಬ್‌ಟೈಟಲ್ಲಿಗೆ ಎಟುಕುವಂಥದ್ದಲ್ಲ. ಹಾಗಿದ್ದೂ ಚಿತ್ರದ ಕಟ್ಟೋಣವನ್ನು, ಮೂರು ತಲೆಮಾರುಗಳನ್ನು ಒಂದೇ ಸಾವಿನ ಸುತ್ತ ತಿರುಗಿಸುವ ಜಾಣ್ಮೆಯನ್ನು, ಹೊರಗಿನವರು ಸರಿಯಾಗಿಯೇ ಗುರುತಿಸಿದ್ದರು. ಮಾತಿನ ಮೋಜಿನಲ್ಲಿ ಮುಳುಗಿದವರಿಗೆ ಆ ಕಟ್ಟೋಣ ತಡವಾಗಿ ಕಂಡಿರಬಹುದು. ಹತ್ತಿರದವರಿಗೆ ಒಂದು ಸಿಕ್ಕಿತು, ದೂರದವರಿಗೆ ಇನ್ನೊಂದು. ಚಿತ್ರ ಎರಡನ್ನೂ ಹಿಡಿದಿಟ್ಟುಕೊಂಡಿದೆ.

ಇದರ ಬೆನ್ನಿಗೇ ಬರುವ ಆಕ್ಷೇಪ, ಉತ್ಸವಗಳಿಗಾಗಿಯೇ ಸಿನಿಮಾ ಮಾಡುವವರ ಬಗ್ಗೆ. ಕನ್ನಡದಲ್ಲಿ 'ಅವಾರ್ಡ್ ಸಿನಿಮಾ' ಎಂಬ ಕುಹಕ ಹಳೆಯದು. ಅಲುಗದ ಕ್ಯಾಮೆರಾ, ಮಾತಾಡದ ಪಾತ್ರ, ಬಡತನ, ಮಳೆ, ಅಂತ್ಯವಿಲ್ಲದ ಅಂತ್ಯ ಇವನ್ನೆಲ್ಲ ಸೂತ್ರವಾಗಿ ಬಳಸುವವರಿದ್ದಾರೆ, ಅನುಮಾನವಿಲ್ಲ. ರಾಟರ್‌ಡ್ಯಾಮ್, ಬರ್ಲಿನ್‌ನಂಥ ಉತ್ಸವಗಳೇ ಬೇರೆ ದೇಶಗಳ ಚಿತ್ರಗಳಿಗೆ ಧನಸಹಾಯವನ್ನೂ ಕೊಡುವುದರಿಂದ ಕೊಡುವವರ ರುಚಿ ಮಾಡುವವರಿಗೆ ಅಂಟುವ ಅಪಾಯ ಇದೆ. ಆದರೆ ಐದು ಹಾಡು, ಮೂರು ಫೈಟು, ಮಧ್ಯಂತರದಲ್ಲೊಂದು ತಿರುವು ಎಂಬ ಮಾರುಕಟ್ಟೆಯ ಸೂತ್ರಕ್ಕಿಂತ ಇದು ಹೆಚ್ಚು ಪಾಪದ್ದೇನಲ್ಲ. ಸೂತ್ರವನ್ನು ಗುರುತಿಸುವ ಕಣ್ಣು ಬರುವುದು ಹೆಚ್ಚು ಚಿತ್ರಗಳನ್ನು ನೋಡಿದಾಗಲೇ.

ಆ ಕಣ್ಣನ್ನು ಸಾವಕಾಶವಾಗಿ ಬೆಳೆಸಿದ ಪ್ರಯೋಗಗಳು ಕರ್ನಾಟಕದಲ್ಲೇ ಇವೆ. ಬೆಂಗಳೂರಿನಲ್ಲಿ 1971ರಲ್ಲಿ ಸುಚಿತ್ರ ಫಿಲಂ ಸೊಸೈಟಿ ಹುಟ್ಟಿತು. ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣನವರ ನೀನಾಸಮ್ ಚಿತ್ರಸಮಾಜವನ್ನು ಕಟ್ಟಿ, ಜಗತ್ತಿನ ಶ್ರೇಷ್ಠ ಚಿತ್ರಗಳನ್ನು ಅಡಿಕೆ ಬೆಳೆಗಾರರಿಗೂ ಕೂಲಿಕಾರರಿಗೂ ತೋರಿಸಿತು. ಚಿತ್ರದ ಬಗ್ಗೆ ಕನ್ನಡದಲ್ಲಿ ವಿವರಿಸಿತು, ಚರ್ಚೆ ನಡೆಸಿತು. ದಿನಕ್ಕೆ ಐದು ನೋಡುವುದಕ್ಕೂ ಒಂದನ್ನು ನೋಡಿ ಮಾತಾಡುವುದಕ್ಕೂ ಇರುವ ಅಂತರ ಅಲ್ಲಿ ಕಾಣುತ್ತಿತ್ತು. ಕೇರಳದಲ್ಲಿ ಇದಕ್ಕೆ ಇನ್ನೊಂದು ರೂಪ ಬಂದಿದೆ. 1996ರಿಂದ ನಡೆಯುತ್ತಿರುವ ಅಲ್ಲಿನ ಚಿತ್ರೋತ್ಸವ ವರ್ಷ ವರ್ಷವೂ ಕೊರಿಯಾದ ಕಿಮ್ ಕಿ-ಡುಕ್ ಅವರ ಚಿತ್ರಗಳನ್ನು ತೋರಿಸುತ್ತ ಹೋಯಿತು. 2013ರಲ್ಲಿ ಅವರು ತಿರುವನಂತಪುರಕ್ಕೆ ಬಂದಾಗ ಜನ ಮುತ್ತಿಕೊಂಡರು. ಒಬ್ಬ ನಿರ್ದೇಶಕರನ್ನು ಬಿಡದೆ ಹಿಂಬಾಲಿಸಿದ ಪ್ರೇಕ್ಷಕರ ಮೆಚ್ಚುಗೆಗೆ ಒಂದು ವಾರದ ಪಟ್ಟಿಗಿಲ್ಲದ ತೂಕವಿರುತ್ತದೆ, ಅದನ್ನು ಒಪ್ಪದವರೂ ಕಡೆಗಣಿಸುವಂತಿಲ್ಲ.

ಹಾಗಾದರೆ ಉತ್ಸವದಲ್ಲಿ ಕಂಡ ಚಿತ್ರಗಳ ಬಗ್ಗೆ ಕೂಡಲೇ ಬರೆಯುವುದು ವ್ಯರ್ಥವೆ? ಅಲ್ಲ. ಯಾವ ಬಗೆಯ ಬರಹ ಎಂಬುದರ ಮೇಲೆ ಅದು ನಿಂತಿದೆ. ಅಂಕ, ನಕ್ಷತ್ರ, ಮೊದಲ ಹತ್ತು ಎಂಬ ಶ್ರೇಣಿಗಳು ಸರದಿ ಮತ್ತು ದಣಿವಿನ ಎದುರು ಬೇಗ ಕುಸಿಯುತ್ತವೆ. ವಿವರಗಳು ಕುಸಿಯುವುದಿಲ್ಲ: ಕ್ಯಾಮೆರಾ ಎಲ್ಲಿ ನಿಂತಿತ್ತು, ಯಾವ ಮುಖ ನೆನಪಿನಲ್ಲಿ ಉಳಿಯಿತು, ಎಲ್ಲಿ ಗಮನ ತಪ್ಪಿತು, ಪಕ್ಕದವರು ಯಾಕೆ ಎದ್ದು ಹೋದರು. 'ಬೇಸರವಾಯಿತು' ಎಂದು ಬರೆಯುವವರು ಅದು ದಿನದ ಎಷ್ಟನೆಯ ಚಿತ್ರವಾಗಿತ್ತೆಂದು ಸೇರಿಸಿದರೂ ಓದುಗನಿಗೆ ಅರ್ಧ ಉಪಕಾರ. ತಿಂಗಳ ಮೇಲೂ ಕಾಡುವ ಚಿತ್ರ ಯಾವುದು ಎಂಬ ಪ್ರಶ್ನೆಗೆ ಸಿಗುವ ಉತ್ತರ ಕೊನೆಯ ದಿನ ಮಾಡಿದ ಪಟ್ಟಿಗೆ ಹೊಂದದಿರುವುದು ಅಪರೂಪವೇನಲ್ಲ. ಹೊಂದದಿದ್ದಾಗ ನೆನಪನ್ನೇ ನಂಬಬೇಕು.

ಉತ್ಸವ ನಡೆಸುವವರಿಂದಲೂ ಆಗಬೇಕಾದ ಕೆಲಸವಿದೆ. ಗಿರೀಶ್ ಕಾಸರವಳ್ಳಿಯವರ 1977ರ 'ಘಟಶ್ರಾದ್ಧ' ಹೊಸದಾಗಿ ಸಂಸ್ಕರಣಗೊಂಡು 2024ರಲ್ಲಿ ವೆನಿಸ್‌ನ ಕ್ಲಾಸಿಕ್ಸ್ ವಿಭಾಗದಲ್ಲಿ ಪ್ರದರ್ಶನಗೊಂಡಿತು. ಅದು ಸ್ವರ್ಣಕಮಲ ಪಡೆದು ಹೆಸರಾದ ಚಿತ್ರ, ಆದ್ದರಿಂದ ಮರಳಿ ಬಂತು. ಹೆಸರಾಗದೆ ಉಳಿದವುಗಳಿಗೂ ಒಂದು ಬಾಗಿಲು ಬೇಕು. ಬೆಂಗಳೂರಿನ ಉತ್ಸವವಾಗಲಿ, ಗೋವಾದ್ದಾಗಲಿ, ಹೊಸ ಚಿತ್ರಗಳ ಸಂಖ್ಯೆಯನ್ನು ಸ್ವಲ್ಪ ತಗ್ಗಿಸಿ, ಐದು-ಹತ್ತು ವರ್ಷಗಳ ಹಿಂದೆ ತಮ್ಮಲ್ಲೇ ಖಾಲಿ ಕುರ್ಚಿಗಳ ಮುಂದೆ ಓಡಿದ ಕೆಲವು ಚಿತ್ರಗಳನ್ನು ಪ್ರತಿ ವರ್ಷ ಮತ್ತೆ ತೋರಿಸಲಿ. ಪ್ರೇಕ್ಷಕರು ವೇಳಾಪಟ್ಟಿ ಗುರುತು ಹಾಕುವಾಗ ಅವುಗಳಲ್ಲಿ ಒಂದಕ್ಕಾದರೂ ಜಾಗ ಬಿಟ್ಟುಕೊಳ್ಳಲಿ.