ಪೇಟಿಯ ಕೈಗೆ ವಾಲ್ಟ್ಸ್

ಜೇವರ್ಗಿಗೆ ಪಿಯಾನೋದ ಗೊಡವೆ ಏತಕ್ಕೆ ಎಂದು ವಾಚಕರು ನಗಬಹುದು. ನಾನೂ ಒಂದು ಕಾಲಕ್ಕೆ ನಕ್ಕವನೇ. ನನ್ನ ಕೈ ಪಳಗಿದ್ದು ಭಜನೆಯ ಪೇಟಿಯ ಮೇಲೆ. ನಿವೃತ್ತನಾದ ಬಳಿಕ ತೂಕದ ಪಟ್ಟಿಗಳುಳ್ಳ ಕೀಬೋರ್ಡೊಂದನ್ನು ತರಿಸಿ, ಶೋಪಾನನ ಎ ಮೈನರ್ ವಾಲ್ಟ್ಸನ್ನು ಅಭ್ಯಾಸಕ್ಕೆ ಹಿಡಿದೆ. ಅವನು 1849ರಲ್ಲಿ ತೀರಿಕೊಂಡ ಮೇಲೆ ಅಚ್ಚಾದ ಸಣ್ಣ ಕೃತಿ, ಸುಲಭವೆಂದೇ ಹೆಸರು.

ಸುಲಭ, ಬಲಗೈಗೆ ಮಾತ್ರ. ಪೇಟಿಯಲ್ಲಿ ಎಡಗೈ ಗಾಳಿಯೊತ್ತಿದರೆ ಸಾಕು. ಇಲ್ಲಿ ಅದೇ ಕೈ ಮಂದ್ರದ ಸ್ವರವೊಂದನ್ನು ಮುಟ್ಟಿ, ಮೇಲಕ್ಕೆ ಹಾರಿ, ಎರಡು ಸಲ ಸ್ವರಗುಚ್ಛವನ್ನು ನುಡಿಸಬೇಕು: ಒಂದು ಭಾರ, ಎರಡು ಹಗುರ. ದಾದ್ರಾದಂತೆಯೇ ಎಂದುಕೊಂಡು ಮೋಸಹೋದೆ. ತಬಲಾದ ಗೆಳೆಯರು ಕೇಳಿ, "ಖಾಲಿ ಎಲ್ಲದರಿ, ಮಾಸ್ತರ್?" ಎಂದರು. ಖಾಲಿಯೇ ಇಲ್ಲ, ಮೂರು ಮಾತ್ರೆಗೊಮ್ಮೆ ಸಮ. ಅದಕ್ಕಿಂತ ಕಷ್ಟವಾದದ್ದು ಬೆರಳಿನ ತೂಕ. ಪೇಟಿಯ ಪಟ್ಟಿಯನ್ನು ಮೆಲ್ಲಗೆ ಒತ್ತಿದರೂ ಬಲವಾಗಿ ಒತ್ತಿದರೂ ನಾದ ಒಂದೇ, ಗಾಳಿಯಿರುವ ತನಕ ನಿಲ್ಲುತ್ತದೆ. ಪಿಯಾನೋದ ಸ್ವರವಾದರೋ ಹುಟ್ಟಿದೊಡನೆ ಕ್ಷೀಣಿಸತೊಡಗುತ್ತದೆ. ಅದು ಅಳಿಯುವ ಮುನ್ನ, ಅದರ ಉಳಿದ ಬಲವನ್ನರಿತು ಮುಂದಿನದನ್ನು ಇಡಬೇಕು.

ಇದು ನಮ್ಮದಲ್ಲವೆಂಬ ಆಕ್ಷೇಪವನ್ನು ನಾನು ಒಪ್ಪಲಾರೆ. ಪೇಟಿಯಾದರೂ ಯಾರದು? ದೆಬ್ಯಾನ್ ಎಂಬಾತ ಹಾರ್ಮೋನಿಯಂಗೆ ಹಕ್ಕುಪತ್ರ ಪಡೆದದ್ದು 1842ರಲ್ಲಿ, ಶೋಪಾನ್ ಬಾಳುತ್ತಿದ್ದ ಪ್ಯಾರಿಸ್ಸಿನಲ್ಲಿಯೇ. ಆಕಾಶವಾಣಿ 1940ರಲ್ಲಿ ಅದನ್ನು ಬಹಿಷ್ಕರಿಸಿ, 1971ರಲ್ಲಿ ಆ ಬಿಗಿಯನ್ನು ಸಡಿಲಿಸಿತು. ಇಂದು ಗಾಣಗಾಪುರದ ಭಜನೆಯನ್ನು ಪೇಟಿಯಿಲ್ಲದೆ ಊಹಿಸಬಲ್ಲಿರಾ? ಮೈಸೂರಿನ ಜಯಚಾಮರಾಜ ಒಡೆಯರು ಪಿಯಾನೋ ನುಡಿಸಿ, ರಷ್ಯದ ಮೆಟ್ನರನ ಧ್ವನಿಮುದ್ರಣಗಳಿಗೆ ಹಣವಿತ್ತರು. ಕರ್ನಾಟಕ ಸಂಗೀತದ ಕೃತಿಗಳನ್ನೂ ರಚಿಸಿದರು. ಅರಮನೆಯವರಿಗೇನು, ಎನ್ನುತ್ತೀರಿ. ಆ ಮಾತಿಗೆ ಮಾತ್ರ ನನ್ನಲ್ಲಿ ಉತ್ತರವಿಲ್ಲ. ಆದುದರಿಂದಲೇ ನನ್ನ ಬೇಡಿಕೆ: ಗ್ರಂಥಾಲಯದಲ್ಲಿ ಪುಸ್ತಕವಿರುವಂತೆ, ಆಳಂದ, ಅಫಜಲಪುರ, ಜೇವರ್ಗಿಯ ಮಕ್ಕಳು ಸರದಿಯಂತೆ ಬಂದು ಮುಟ್ಟಬಹುದಾದ ಒಂದು ನಿಜವಾದ ಪಿಯಾನೋ ಕಲಬುರಗಿಯಲ್ಲಿ ಇರಲಿ.

ಭಾನುವಾರಗಳಂದು ಅಫಜಲಪುರದ ಕಡೆಯಿಂದ ನನ್ನಲ್ಲಿಗೆ ಬರುವ ಹುಡುಗಿಯೊಬ್ಬಳು ಶಾಲೆಯ ಸಮಾರಂಭದಲ್ಲಿ ಈ ವಾಲ್ಟ್ಸನ್ನು ನುಡಿಸಿದಳು. "ಇದರಿಂದ ಏನಾಗ್ತದ್ರಿ?" ಎಂದು ಕೇಳುತ್ತಿದ್ದ ಅವಳ ತಂದೆಯೂ ಮುಂದಿನ ಸಾಲಿನಲ್ಲಿ ಕುಳಿತಿದ್ದರು. ಅಲ್ಲಿದ್ದುದು ಆಟಿಕೆಯಂಥ ಕೀಬೋರ್ಡ್. ಎಷ್ಟು ಒತ್ತಿದರೂ ಒಂದೇ ಸದ್ದು. ಮೊದಲ ಭಾಗ ಮರಳಿ ಬರುವಲ್ಲಿ ಮೆಲ್ಲಗೆ ನುಡಿಸಲು ಅವಳು ಎರಡು ತಿಂಗಳು ಶ್ರಮಿಸಿದ್ದಳು. ಜನ ಚಪ್ಪಾಳೆ ತಟ್ಟಿದರು. ಹೊರಗೆ ಬಂದು, "ಮೆಲ್ಲಕ ನುಡಿಸಿದ್ದು ಕೇಳಿಸ್ತೇನ್ರಿ, ಸರ್?" ಎಂದು ಕೇಳಿದಳು. ಬೆರಳು ಮೆಲ್ಲಗೆ ಇಳಿದದ್ದನ್ನು ನಾನು ಕಂಡಿದ್ದೆ, ಕೇಳಿರಲಿಲ್ಲ.