ತಾರಸಿಯ ಡಿಶ್ಶೂ ಅದರ ಬಳಗವೂ

ಮಕ್ಕಳೇ, ಈ ವಾರ ತಾರಸಿಯ ಕಡೆ ಒಮ್ಮೆ ತಲೆಯೆತ್ತಿ ನೋಡೋಣ. ದೊಡ್ಡ ಮೊರದಷ್ಟು ಅಗಲದ ಒಂದು ಡಿಶ್, ಅದರ ಎದುರಿಗೆ ಕೋಲಿನ ತುದಿಯಲ್ಲಿ ಮುಷ್ಟಿಗಾತ್ರದ ಒಂದು ಗುಂಡು, ಅಲ್ಲಿಂದ ಇಳಿದು ಕಿಟಕಿಯೊಳಗೆ ನುಸುಳುವ ಕರಿ ತಂತಿ. ಡಿಶ್ಶು, ಬಾಕ್ಸು ಎರಡೂ ಸರಿಯಾಗಿದ್ದರೂ ಟಿವಿ ಕೈಕೊಡುವುದುಂಟು. ಹೆಚ್ಚಿನ ಸಲ ತಪ್ಪು ಇರುವುದು ಇವುಗಳ ನಡುವಿನ ಸಣ್ಣ ಸಾಮಾನಿನಲ್ಲಿ. ಆ ಬಳಗದ ಪರಿಚಯವೇ ಈ ವಾರದ ಮಾತು.

ಮೊದಲು ಅಜ್ಜ ಅಜ್ಜಿಯರಿಗೆ ಒಂದು ನೆನಪು. 1975ರ ಆಗಸ್ಟ್‌ನಿಂದ ಒಂದು ವರ್ಷ, ಅಮೆರಿಕದ ಒಂದು ಉಪಗ್ರಹದ ಸಹಾಯದಿಂದ ದೇಶದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿವಿ ಬಂದಿತ್ತು. ‘ಸೈಟ್’ ಎಂಬುದು ಆ ಪ್ರಯೋಗದ ಹೆಸರು. ನಮ್ಮ ರಾಜ್ಯದ ಹಳ್ಳಿಗಳೂ ಅದರಲ್ಲಿದ್ದವು. ಆಗಿನ ಡಿಶ್ ಹತ್ತು ಅಡಿ ಅಗಲ. ಮಾಡಿದ್ದು ಕೋಳಿಗೂಡಿಗೆ ಹಾಕುವಂಥ ತಂತಿಬಲೆಯಿಂದ! ಊರಿಗೆಲ್ಲ ಒಂದೇ ಟಿವಿ. ಇಂದು ಎರಡಡಿಯ ಡಿಶ್ ಸಾಕು, ಮನೆಗೊಂದು ಟಿವಿ.

ಈ ಡಿಶ್ ನೋಡುತ್ತಿರುವುದು ಏನನ್ನು? ಸಮಭಾಜಕ ರೇಖೆಯ ಮೇಲೆ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿರುವ ಉಪಗ್ರಹವನ್ನು. ಭೂಮಿ ಒಂದು ಸುತ್ತು ತಿರುಗುವಷ್ಟರಲ್ಲೇ ಅದೂ ಒಂದು ಸುತ್ತು ಬರುವುದರಿಂದ ನಮಗೆ ಅದು ಒಂದೇ ಕಡೆ ನಿಂತಂತೆ. ತಿಂಗಳ ಬಾಡಿಗೆಯಿಲ್ಲದ ಡಿಡಿ ಫ್ರೀ ಡಿಶ್ ನಿಮ್ಮ ಮನೆಯಲ್ಲಿದ್ದರೆ, ಆ ಉಪಗ್ರಹ 2015ರಲ್ಲಿ ಹಾರಿಸಿದ ಜಿಸ್ಯಾಟ್-15. ಅದರ ಜಾಗ 93.5 ಡಿಗ್ರಿ ಪೂರ್ವ ರೇಖಾಂಶ. ನಮ್ಮ ಊರುಗಳಿಂದ ನೋಡಿದರೆ ಅದು ಆಗ್ನೇಯಕ್ಕೆ, ಅಂದರೆ ಅಜ್ಜಿ ಒಲೆ ಇಡಬೇಕು ಎನ್ನುವ ಮೂಲೆಯ ದಿಕ್ಕಿಗೆ! ಇಂಥ ಉಪಗ್ರಹಗಳು ಜಾಗ ಬಿಟ್ಟು ಸರಿಯದಂತೆ ಕಾಯುವ ಇಸ್ರೊ ಕೇಂದ್ರಗಳಲ್ಲಿ ಮುಖ್ಯವಾದದ್ದು ನಮ್ಮ ಹಾಸನದಲ್ಲೇ ಇದೆ.

ಇನ್ನು ಬಳಗದವರು ಒಬ್ಬೊಬ್ಬರಾಗಿ.

ಎಲ್‌ಎನ್‌ಬಿ: ಕೋಲಿನ ತುದಿಯ ಗುಂಡು ಇದೇ. ಅಷ್ಟು ದೂರದಿಂದ ಬಂದ ತರಂಗ ತೀರಾ ಕ್ಷೀಣ. ಡಿಶ್ ಅದನ್ನು ಒಂದು ಬಿಂದುವಿಗೆ ಒಟ್ಟುಮಾಡಿಕೊಡುತ್ತದೆ. ಎಲ್‌ಎನ್‌ಬಿ ಅದನ್ನು ಬಲಪಡಿಸಿ, ತಂತಿಯಲ್ಲಿ ಸಾಗಬಲ್ಲಷ್ಟು ಕಡಿಮೆ ಕಂಪನಕ್ಕೆ ಇಳಿಸುತ್ತದೆ. ಅದಕ್ಕೆ ಬೇಕಾದ ವಿದ್ಯುತ್ತು ಬಾಕ್ಸಿನಿಂದ ಅದೇ ಕರಿ ತಂತಿಯಲ್ಲಿ ಮೇಲಕ್ಕೆ ಹೋಗುತ್ತದೆ. ಚಿತ್ರ ಕೆಳಗೆ, ಕರೆಂಟು ಮೇಲೆ, ಒಂದೇ ದಾರಿ. ಮುಂಭಾಗದ ಪ್ಲಾಸ್ಟಿಕ್ ಮುಚ್ಚಳ ಒಡೆದರೆ ಒಳಗೆ ನೀರು ಸೇರಿ ಕೆಡುತ್ತದೆ. ಮಳೆಗಾಲಕ್ಕೆ ಮುಂಚೆ ಅದನ್ನೊಮ್ಮೆ ಪರೀಕ್ಷಿಸುವುದು ಒಳ್ಳೆಯದು.

ಮನೆಯಲ್ಲಿ ಎರಡು ಟಿವಿ ಇದ್ದರೆ ಎರಡು ಕೈಯಿರುವ ಎಲ್‌ಎನ್‌ಬಿ ಹಾಕಿಸಿ. ಯಾವ ಬಗೆಯ ತರಂಗ ಬೇಕೆಂದು ಬಾಕ್ಸು 13 ಅಥವಾ 18 ವೋಲ್ಟ್ ಕಳಿಸಿ ಕೇಳುತ್ತದೆ. ಒಂದೇ ತಂತಿಯನ್ನು ಸೀಳಿ ಎರಡು ಬಾಕ್ಸಿಗೆ ಕೊಟ್ಟರೆ, ತಾತ ವಾರ್ತೆ ಕೇಳುವಾಗ ಮೊಮ್ಮಗಳ ಕಾರ್ಟೂನು ಮಾಯವಾಗಬಹುದು. ಜಗಳಕ್ಕಿಂತ ಎರಡನೆಯ ತಂತಿ ಅಗ್ಗ.

ಕೇಬಲ್: ‘ಆರ್‌ಜಿ-6’ ಎಂದು ಮೈಮೇಲೆ ಅಚ್ಚಾಗಿರುವುದನ್ನೇ ಕೇಳಿ. ನಡುವೆ ಒಂದು ತಂತಿ, ಸುತ್ತ ಬಿಳಿ ನೊರೆಯಂಥ ಹೊದಿಕೆ, ಅದರ ಮೇಲೆ ಬೆಳ್ಳಿ ಹಾಳೆ, ಹೆಣೆದ ಜಾಲರಿ, ಕೊನೆಗೆ ಕರಿ ತೊಗಲು. ಬಾಳೆದಿಂಡಿನ ಹಾಗೆ ಪದರ ಪದರ. ಹೊರಗಿನ ಗದ್ದಲ ಒಳಗೆ ಬಾರದಂತೆ ತಡೆಯುವುದು ಈ ಪದರಗಳೇ. ಕೇಬಲ್ ಸಾಲದೆ ಬಂದರೆ ತಂತಿ ಹೊಸೆದು ಇನ್ಸುಲೇಷನ್ ಟೇಪು ಸುತ್ತಬೇಡಿ. ಎರಡು ತುದಿ ತಿರುಗಿಸಿ ಸೇರಿಸುವ ಜಾಯಿಂಟರ್ ಅಂಗಡಿಯಲ್ಲಿ ಸಿಗುತ್ತದೆ. ಕೇಬಲ್ ಕಿಟಕಿಯ ತೂತಿಗೆ ಬರುವ ಮುನ್ನ ಗೇಣುದ್ದ ಕೆಳಗೆ ಜೋಕಾಲಿಯಂತೆ ಇಳಿಬಿಟ್ಟು ಆಮೇಲೆ ಮೇಲೆತ್ತಿ ಒಳತನ್ನಿ. ಮಳೆನೀರು ತಂತಿಯ ಮೇಲೆ ಹರಿದು ಬಂದರೂ ಆ ತಗ್ಗಿನಲ್ಲಿ ತೊಟ್ಟಿಕ್ಕಿಬಿಡುತ್ತದೆ, ಗೋಡೆಯೊಳಗೆ ಬರುವುದಿಲ್ಲ. ಇದಕ್ಕೆ ಒಂದು ಕಾಸೂ ಖರ್ಚಿಲ್ಲ.

ಕನೆಕ್ಟರ್: ಕೇಬಲ್ಲಿನ ತುದಿಯ ಲೋಹದ ಟೋಪಿ. ಬಳಗದಲ್ಲೆಲ್ಲ ಅತಿ ಅಗ್ಗ, ತೊಂದರೆಯಲ್ಲಿ ಅತಿ ದೊಡ್ಡದು. ನಮ್ಮ ಬೀದಿಯ ಕೊನೆಯ ಮನೆಯಲ್ಲಿ ಅಜ್ಜಿಯೊಬ್ಬರು ಒಬ್ಬರೇ ಇದ್ದಾರೆ. ಬೆಳಿಗ್ಗೆ ಚಂದನದ ಹಾಡು, ಸಂಜೆ ವಾರ್ತೆ ಅವರಿಗೆ ಮನೆಯಲ್ಲಿ ಇನ್ನೊಂದು ದನಿಯಿದ್ದ ಹಾಗೆ. ಕಳೆದ ಮಳೆಗಾಲದಲ್ಲಿ ಪರದೆಯ ಮೇಲೆ ‘ನೋ ಸಿಗ್ನಲ್’ ಬಂದು ಕೂತಿತು. ನೋಡಲು ಬಂದವನು ಎಲ್ಲವನ್ನೂ ಹೊಸದಾಗಿ ಹಾಕಬೇಕು ಎಂದು ಅವರ ಒಂದು ತಿಂಗಳ ಪಿಂಚಣಿಯಷ್ಟು ಕೇಳಿದ. ಅಜ್ಜಿ ಟಿವಿಗೆ ಬಟ್ಟೆ ಹೊದಿಸಿ ಸುಮ್ಮನಾದರು. ಹನ್ನೊಂದು ದಿನ ಆ ಮನೆಯಿಂದ ದನಿಯೇ ಇಲ್ಲ. ಪಕ್ಕದ ಮನೆಯ ಎಂಟನೇ ತರಗತಿ ಹುಡುಗಿಗೆ ಅದು ಸರಿಬರಲಿಲ್ಲ. ಅವಳು ತನ್ನ ಸೋದರಮಾವನನ್ನು ಎಳೆದುಕೊಂಡು ಬಂದಳು. ಆತ ಬಾಕ್ಸಿನ ಪ್ಲಗ್ ತೆಗೆಸಿ, ಮೇಲೆ ಹೋಗಿ, ಎಲ್‌ಎನ್‌ಬಿಯ ಕನೆಕ್ಟರ್ ಬಿಚ್ಚಿದರೆ ಒಳಗೆಲ್ಲ ಹಸಿರು ಕಿಲುಬು. ಅಷ್ಟು ತುದಿ ಕತ್ತರಿಸಿ, ಹೊಸ ಕನೆಕ್ಟರ್ ಹಾಕಿ, ಮೇಲೆ ರಬ್ಬರ್ ಟೇಪು ಸುತ್ತಿದ. ಖರ್ಚು ಎರಡು ಕಾಫಿಯದು. ಆ ಕಾಫಿಯನ್ನೂ ಅಜ್ಜಿಯೇ ಮಾಡಿಕೊಟ್ಟರು. ಸಂಜೆ ವಾರ್ತೆಯ ದನಿ ನನ್ನ ಜಗಲಿಗೂ ಕೇಳಿಸಿತು. ಹೊಸದು ಕೊಳ್ಳುವ ಮುನ್ನ ಕನೆಕ್ಟರ್ ನೋಡಿಸಿ ಎಂದು ನಾನು ಅಂದಿನಿಂದ ಎಲ್ಲರಿಗೂ ಹೇಳುತ್ತಿದ್ದೇನೆ.

ಸಿಗ್ನಲ್ ಮೀಟರ್: ಡಿಶ್ಶಿನ ದಿಕ್ಕು ಹೊಂದಿಸುವಾಗ ಎಲ್‌ಎನ್‌ಬಿಗೂ ಬಾಕ್ಸಿಗೂ ನಡುವೆ ಸಿಕ್ಕಿಸುವ ಪುಟ್ಟ ಪೆಟ್ಟಿಗೆ. ತರಂಗ ಹೆಚ್ಚಿದಷ್ಟೂ ಮುಳ್ಳು ಏರುತ್ತದೆ, ಕೀ ಎಂದು ಕೂಗುತ್ತದೆ. ಎರಡು ಬೆರಳು ಅಗಲ ಸರಿದರೂ ಚಿತ್ರ ಹೋಗುವುದರಿಂದ, ‘ಬಂತಾ? ಬಂತಾ?’ ಎಂದು ಮಹಡಿಯಿಂದ ಕೂಗುವ ಕೆಲಸ ಇದು ತಪ್ಪಿಸುತ್ತದೆ. ಮನೆಗೊಂದು ಬೇಡ, ಬೀದಿಗೊಂದು ಇದ್ದರೆ ಸಾಕು. ಜೊತೆಗೆ ಡಿಶ್ಶಿನ ಬೋಲ್ಟುಗಳನ್ನು ಗಟ್ಟಿ ಮಾಡಿಸಿ. ಅದರ ಕಾಲಿಗೆ ಬಟ್ಟೆ ಒಣಹಾಕುವ ಹಗ್ಗ ಕಟ್ಟಲೇಬೇಡಿ. ಒದ್ದೆ ಸೀರೆಯ ಭಾರಕ್ಕೆ ಉಪಗ್ರಹವೇ ತಪ್ಪಿಹೋಗುತ್ತದೆ!

ರಿಮೋಟು ಮತ್ತು ಹೆಡ್‌ಫೋನು: ಅಜ್ಜ ಅಜ್ಜಿಯರ ಮನೆಗೆ ನಾನು ಮೊದಲು ಹೇಳುವುದು ಇವೆರಡನ್ನೇ. ಟಿವಿಗೊಂದು, ಬಾಕ್ಸಿಗೊಂದು ರಿಮೋಟಿನ ಗೊಂದಲ ಬೇಡವಾದರೆ ಎರಡರ ಕೆಲಸವನ್ನೂ ಕಲಿಯುವ ದೊಡ್ಡ ಗುಂಡಿಯ ರಿಮೋಟು ಸಿಗುತ್ತದೆ. ಕಿವಿ ಮಂದವಾದ ತಾತನಿಗೆ ವೈರಿಲ್ಲದ ಹೆಡ್‌ಫೋನು ಕೊಟ್ಟರೆ ಅವರಿಗೆ ಮಾತು ಸ್ಪಷ್ಟ, ಪರೀಕ್ಷೆಗೆ ಓದುವ ಮೊಮ್ಮಗನಿಗೆ ಮೌನ. ‘ಸೌಂಡ್ ಕಮ್ಮಿ ಮಾಡಿ’ ಎಂದು ದಿನವೂ ಹೇಳಿಸಿಕೊಂಡರೆ ಹಿರಿಯರು ಟಿವಿಯ ಮುಂದೆ ಕೂರುವುದನ್ನೇ ಬಿಟ್ಟುಬಿಡುತ್ತಾರೆ. ಮಕ್ಕಳು ಇದನ್ನು ಗಮನಿಸಬೇಕು.

ಕೊನೆಯದು ಸ್ಪೈಕ್ ಗಾರ್ಡ್. ಕರೆಂಟು ದಿಢೀರನೆ ಏರಿದಾಗ ಆ ಹೊಡೆತವನ್ನು ಇದು ತಾನು ತಿಂದು ಬಾಕ್ಸನ್ನು ಉಳಿಸುತ್ತದೆ. ಆದರೆ ಸಿಡಿಲಿನ ಎದುರು ಇದರ ಆಟ ನಡೆಯದು. ನಮ್ಮಲ್ಲಿ ಏಪ್ರಿಲ್, ಮೇ ತಿಂಗಳ ಗುಡುಗು ಮಳೆ ಜೋರು. ದೂರದಲ್ಲಿ ಮೋಡ ಕವಿಯುವುದು ಕಂಡಾಗಲೇ ಪ್ಲಗ್ಗನ್ನೂ ಡಿಶ್ ಕೇಬಲ್ಲನ್ನೂ ಎರಡನ್ನೂ ತೆಗೆದಿಡಿ. ಒಂದು ತೆಗೆದು ಇನ್ನೊಂದು ಬಿಟ್ಟರೆ ಬಾಗಿಲು ಹಾಕಿ ಕಿಟಕಿ ತೆರೆದಿಟ್ಟಂತೆ. ಗುಡುಗು ಶುರುವಾದ ಮೇಲೆ ಮಾತ್ರ ಆ ತಂತಿಗಳನ್ನು ಮುಟ್ಟಬೇಡಿ, ತಾರಸಿಗೆ ಹೋಗಬೇಡಿ. ಬಾಕ್ಸು ಹೋದರೆ ಇನ್ನೊಂದು ಬರುತ್ತದೆ.

ಎಲ್ಲ ಸಲವೂ ತಪ್ಪು ಸಾಮಾನಿನದಲ್ಲ. ಜೋರುಮಳೆ ತರಂಗವನ್ನು ಹೀರಿಕೊಳ್ಳುತ್ತದೆ. ಮಳೆ ತಗ್ಗಿದರೆ ಚಿತ್ರ ತಾನೇ ಬರುತ್ತದೆ. ಮಾರ್ಚ್ ಹಾಗೂ ಸೆಪ್ಟೆಂಬರ್-ಅಕ್ಟೋಬರ್ ಹೊತ್ತಿನಲ್ಲಿ ಕೆಲವು ದಿನ ಸೂರ್ಯ ಉಪಗ್ರಹದ ಬೆನ್ನ ಹಿಂದೆಯೇ ಬಂದು ನಿಲ್ಲುವುದುಂಟು. ಆಗ ಕೆಲವು ನಿಮಿಷ ಅವನ ಗದ್ದಲದಲ್ಲಿ ಉಪಗ್ರಹದ ಮಾತು ಡಿಶ್ಶಿಗೆ ಕೇಳಿಸದು. ಸ್ವಲ್ಪ ಕಾದರೆ ಸಾಕು.

ಮಾಡಿ ನೋಡಿ: ರಿಮೋಟಿನ ಮೂತಿಯನ್ನು ಮೊಬೈಲ್ ಕ್ಯಾಮೆರಾಕ್ಕೆ ಹಿಡಿದು ಗುಂಡಿ ಒತ್ತಿ. ಕಣ್ಣಿಗೆ ಕಾಣದ ಬೆಳಕು ಪರದೆಯಲ್ಲಿ ಮಿನುಗುತ್ತದೆ. ಕೆಲವು ಫೋನಿನ ಹಿಂದಿನ ಕ್ಯಾಮೆರಾ ಇದನ್ನು ತಡೆಯುವುದರಿಂದ ಮುಂದಿನದರಲ್ಲೂ ನೋಡಿ. ಎರಡರಲ್ಲೂ ಮಿನುಗದಿದ್ದರೆ ರಿಮೋಟಿನ ಸೆಲ್ ಬದಲಿಸಿ. ಆಮೇಲೆ ಒಂದು ರಟ್ಟಿನ ಮೇಲೆ ಅಜ್ಜಿ ನೋಡುವ ಐದಾರು ಚಾನೆಲ್ಲುಗಳ ಹೆಸರು, ನಂಬರು ದಪ್ಪಕ್ಷರದಲ್ಲಿ ಬರೆದು ಟಿವಿಯ ಪಕ್ಕ ತೂಗುಹಾಕಿ. ಈ ಒಂದು ಸಾಮಾನು ಮಾತ್ರ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.