ಸಹಪಾಠಿಗಳ ಪಾಲು

ವಿದ್ಯೆಯಲ್ಲಿ ಕಾಲುಭಾಗ ಗುರುವಿನಿಂದ, ಕಾಲುಭಾಗ ಸ್ವಬುದ್ಧಿಯಿಂದ, ಕಾಲುಭಾಗ ಸಹಪಾಠಿಗಳಿಂದ, ಉಳಿದ ಕಾಲುಭಾಗ ಕಾಲಕ್ರಮದಿಂದ ಬರುವುದೆಂದು ಹಿರಿಯರು ಹೇಳಿರುವರು. ಮೂವತ್ತು ವರ್ಷ ಪಾಠ ಹೇಳಿದ ನಾನು ಮೊದಲನೆಯ ಪಾಲನ್ನೇ ಸರ್ವಸ್ವವೆಂದು ನಂಬಿದ್ದೆನು.

ನಮ್ಮ ನೆರೆಮನೆಯ ಹುಡುಗಿಯು ದಾದಿಯ ಕೆಲಸಕ್ಕಾಗಿ ಜರ್ಮನಿಗೆ ಹೋಗಬೇಕೆಂದು ಆ ದೇಶದ ಭಾಷೆಯನ್ನು ಕಲಿಯುತ್ತಿರುವಳು. ತಪ್ಪಿದರೆ ನಗುವರೆಂಬ ಅಂಜಿಕೆಯಿಂದ ತರಗತಿಯಲ್ಲಿ ಬಾಯಿ ತೆರೆಯುತ್ತಿರಲಿಲ್ಲ. ಈಗ ಬೇರೆ ಬೇರೆ ಊರುಗಳ ಐವರು ಹುಡುಗಿಯರು ಸಂಜೆ ದೂರವಾಣಿಯಲ್ಲಿಯೇ ಗೋಷ್ಠಿ ಕೂಡುವರು. ಒಬ್ಬಳು ನುಡಿಯುವಳು, ಇನ್ನೊಬ್ಬಳು ತಿದ್ದುವಳು.

ಒಂದು ದಿನ ಆಕೆ, "ಮೇಷ್ಟರೆ, ಜರ್ಮನ್ ಭಾಷೆಯಲ್ಲಿ 'ಮೇಡ್‌ಶೆನ್' ಎಂದರೆ ಹುಡುಗಿ, ಆದರೂ ಅದು ನಪುಂಸಕಲಿಂಗವಂತೆ! ಇದೆಂತಹ ನ್ಯಾಯ?" ಎಂದಳು.

"ಸಂಸ್ಕೃತದಲ್ಲಿ ಹೆಂಡತಿಯನ್ನು ಹೇಳುವ ಭಾರ್ಯಾಶಬ್ದ ಸ್ತ್ರೀಲಿಂಗ, ಕಲತ್ರ ನಪುಂಸಕ, ದಾರಶಬ್ದ ಪುಲ್ಲಿಂಗ, ಅದೂ ನಿತ್ಯ ಬಹುವಚನ! ಲಿಂಗವು ಶಬ್ದದ್ದಮ್ಮ, ವ್ಯಕ್ತಿಯದಲ್ಲ" ಎಂದೆನು.

ಮರುದಿನ ಆಕೆಯೇ ಕಾರಣವನ್ನು ತಂದಳು. 'ಶೆನ್' ಎಂಬುದು ಅಲ್ಪಾರ್ಥದ ಪ್ರತ್ಯಯ; ಅದು ಸೇರಿದ ಶಬ್ದಗಳೆಲ್ಲ ನಪುಂಸಕವಾಗುವುವೆಂದು ಗೋಷ್ಠಿಯ ಗೆಳತಿಯೊಬ್ಬಳು ತಿಳಿಸಿದಳಂತೆ. ನನಗೆ ತಿಳಿಯದುದು ಸಹಪಾಠಿಗೆ ತಿಳಿದಿತ್ತು!

ಕಲಿಯುವವರೇ ಕೂಡಿದಲ್ಲಿ ತಪ್ಪೂ ರೂಢಿಯಾದೀತು; ಆದುದರಿಂದ ವಾರಕ್ಕೊಮ್ಮೆಯಾದರೂ ಬಲ್ಲವರೊಬ್ಬರು ಕೇಳಿ ತಿದ್ದಬೇಕು. ಆದರೆ ನುಡಿಯದವನನ್ನು ತಿದ್ದುವುದೆಂತು? ತಪ್ಪಿದ ಬಾಲಕರನ್ನು ನಾನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆನು. ಅವರಲ್ಲಿ ಎಷ್ಟು ಮಂದಿಯ ಬಾಯಿ ಮುಚ್ಚಿಸಿದೆನೋ! ವಾಚಕರು ತಮ್ಮ ಮನೆಯ ಮಕ್ಕಳು ಪರಭಾಷೆಯಲ್ಲಿ ತೊದಲಿದಾಗ ನಗದಿರಲಿ.